ಮಲೆನಾಡಿನ ಒಡೆಯರೂ ಪಾರುಪತ್ಯಗಾರರೂ

ಭೂಮಿಯನ್ನು ದಾನವಾಗಿಯೋ ಉಂಬಳಿಯಾಗಿಯೋ ಪಡೆದವನು ಒಬ್ಬನು; ಅದನ್ನು ಉತ್ತು ಬಿತ್ತಿದವನು ಇನ್ನೊಬ್ಬನು; ಇವರಿಬ್ಬರ ನಡುವೆ ಕಣದಲ್ಲಿ ಕೊಳಗವನ್ನು ಹಿಡಿದು ನಿಂತವನು ಮತ್ತೊಬ್ಬನು. ಈ ಮೂರನೆಯವನಿಗೆ ನಮ್ಮ ನಾಡಿನಲ್ಲಿ ಪಾರುಪತ್ಯಗಾರನೆಂದು ಹೆಸರು. ಕೆಲವೆಡೆ ಕಾರಭಾರಿಯೆಂದೂ, ಮುನೀಮನೆಂದೂ ಅವನನ್ನು ಕರೆದುದುಂಟು. ವಿಜಯನಗರದ ಅರಸರ ಶಾಸನಗಳಲ್ಲಿ ಪಾರುಪತ್ಯವೆಂಬುದು ರಾಜಾಧಿಕಾರದ ಒಂದು ಹುದ್ದೆಯಾಗಿಯೇ ಕಾಣಬರುತ್ತದೆ. ತರುವಾಯ ಆ ಹೆಸರು ದೇವಾಲಯಗಳಿಗೂ ಮಠಗಳಿಗೂ ದೊಡ್ಡ ಹಿಡುವಳಿಯ ಮನೆತನಗಳಿಗೂ ಇಳಿದುಬಂದಿತು. ಒಡೆಯನು ದೂರದಲ್ಲಿದ್ದರೂ, ಊರಿನಲ್ಲಿಯೇ ಇದ್ದು ಕಣಕ್ಕೆ ಬಾರದವನಾಗಿದ್ದರೂ, ಒಕ್ಕಲಿನ ಕಣ್ಣಿಗೆ ಒಡೆಯನೆಂದರೆ ಈ ಪಾರುಪತ್ಯಗಾರನೇ ಸರಿ.

ಚರಿತ್ರೆಯನ್ನು ಬರೆದವರು ಮೊದಲನೆಯವನ ವಿಷಯವಾಗಿ ಬಹಳವಾಗಿ ಬರೆದಿದ್ದಾರೆ. ದಾನ ಕೊಟ್ಟ ಅರಸನ ವಂಶಾವಳಿಯನ್ನು ಶಾಸನಕವಿಗಳು ಕಂದಪದ್ಯಗಳಲ್ಲಿಯೂ ವೃತ್ತಗಳಲ್ಲಿಯೂ ಹೊಗಳಿದ್ದಾರೆ. ದಾನ ಪಡೆದ ಆಚಾರ್ಯರ ಗುರುಪರಂಪರೆಯನ್ನೂ ಬಿಡದೆ ಹೇಳಿದ್ದಾರೆ. ಉಳುವವನ ಮಾತು ಅಲ್ಲಿ ಕಡಿಮೆ. ಅಳೆದವನ ಮಾತಂತೂ ಇಲ್ಲವೆನ್ನುವಷ್ಟು ವಿರಳ. ಆದರೂ ಮಲೆನಾಡಿನ ಚರಿತ್ರೆಯನ್ನು, ಅದರಲ್ಲಿಯೂ ಇಂದಿನ ಶಿವಮೊಗ್ಗ ಜಿಲ್ಲೆಗೆ ಸೇರಿರುವ ಬಳ್ಳಿಗಾವೆ, ಇಕ್ಕೇರಿ, ನಗರ, ಸಾಗರ ಪ್ರಾಂತಗಳ ಚರಿತ್ರೆಯನ್ನು ನೋಡಿದರೆ, ಅಲ್ಲಿ ನಡೆದ ದೊಡ್ಡ ಕಲಹಗಳೆಲ್ಲ ಬಹುಮಟ್ಟಿಗೆ ಈ ಅಳೆಯುವ ಕೈಯ ಸುತ್ತಲೇ ನಡೆದವೆಂಬುದು ವಿಶದವಾಗುತ್ತದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಹಿಂದೆ ಬನವಾಸಿ ನಾಡಿನ ರಾಜಧಾನಿಯಾಗಿದ್ದಿತು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಆಚಾರ್ಯರ ಪ್ರಸಿದ್ಧ ಸ್ಥಾನ. ಕಳಚುರಿ ಬಿಜ್ಜಳನ ಕಾಲದ, ೧೧೬೨ನೆಯ ಇಸವಿಯ ಶಾಸನವೊಂದು ಈ ಮಠವನ್ನು ವರ್ಣಿಸುವ ರೀತಿ ಮನೋಹರವಾದುದು. ವೇದವೇದಾಂಗಗಳೂ ವ್ಯಾಕರಣಗಳೂ ಷಡ್ದರ್ಶನಗಳೂ ಪುರಾಣ ಕಾವ್ಯ ನಾಟಕಗಳೂ ಅಲ್ಲಿ ಪಾಠವಾಗುತ್ತಿದ್ದುವು. ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಅಲ್ಲಿ ಅನ್ನವು ದೊರೆಯುತ್ತಿದ್ದಿತು. ನಾನಾ ಪಂಥದ ಸನ್ಯಾಸಿಗಳು ಬಂದು ಉಣ್ಣುತ್ತಿದ್ದರು. ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿದ್ದಿತು. ಇಷ್ಟೆಲ್ಲವೂ ನಡೆಯಬೇಕಾದರೆ ದಿನದಿನವೂ ಕೊಟ್ಟಿಗೆಗೆ ಸೌದೆಯೂ ಕಣಜಕ್ಕೆ ಭತ್ತವೂ ಬರುತ್ತಲೇ ಇರಬೇಕು. ಆ ಭತ್ತವು ಬರುತ್ತಿದ್ದುದು ದತ್ತಿಯಾಗಿ ಬಿಟ್ಟ ಗ್ರಾಮಗಳಿಂದ.

ದತ್ತಿ ಬಿಡುವ ಕ್ರಮವೂ ನಿಯತವಾಗಿದ್ದಿತು. ಆಚಾರ್ಯರ ಪಾದವನ್ನು ತೊಳೆದು, ಧಾರೆಯನ್ನೆರೆದು, ಭೂಮಿಯನ್ನು ಮತ್ತರು ಕಮ್ಮಗಳ ಲೆಕ್ಕದಲ್ಲಿ ಗಳೆಯಿಂದ ಅಳೆದು, ನಾಲ್ಕು ದಿಕ್ಕಿಗೂ ಲಿಂಗಮುದ್ರೆಯ ಕಲ್ಲುಗಳನ್ನು ನೆಡುತ್ತಿದ್ದರು. ಗಳೆಯೆಂದರೆ ಅಳತೆಗೋಲು. ಅದು ಎಲ್ಲ ಊರುಗಳಲ್ಲಿಯೂ ಒಂದೇ ಆಗಿರಲಿಲ್ಲ. ಆದುದರಿಂದಲೇ ಶಾಸನಗಳು ಯಾವ ಗಳೆಯಿಂದ ಅಳೆದುದೆಂಬುದನ್ನು ಹೆಸರು ಹಿಡಿದು ಹೇಳುತ್ತವೆ. ಬಳ್ಳಿಗಾವೆಯಲ್ಲಿ ಭೇರುಂಡಗಳೆಯೆಂಬುದು ರೂಢಿಯಲ್ಲಿದ್ದಿತು. ೧೦೪೭ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವು ಇಂದಿಗೂ ಆ ಊರಿನಲ್ಲಿದೆ. ಕೊಡುವವನೂ ಪಡೆಯುವವನೂ ಸಜ್ಜನರಾಗಿದ್ದರೂ ಕೋಲಿನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸದೆ ಬಿಡಲಿಲ್ಲವೆಂಬುದು ಗಮನಿಸತಕ್ಕ ಮಾತು.

ಅದೇ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಚರಿತ್ರೆಯು ಮಠದ ಭಕ್ತರಿಗೆ ಹೊಸದಲ್ಲ. ಕರಣಿಕರ ಕೆಲಸದಿಂದ ಮೊದಲುಗೊಂಡು ಭಂಡಾರದ ಅಧಿಕಾರಕ್ಕೆ ಏರಿದ ಅವರ ಮೇಲೆ, ಅರಸನ ಹಣವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ದೂರು ಹೇಳಿದರೆಂದೂ, ಅರಸನು ಎಣಿಸಿ ನೋಡಿದಾಗ ಹೊನ್ನು ಒಂದೂ ಕಡಿಮೆಯಾಗಿರಲಿಲ್ಲವೆಂದೂ ಸಂಪ್ರದಾಯವು ಹೇಳುತ್ತದೆ. ಪುರಾಣಕಾರರು ಇದನ್ನು ಪವಾಡವಾಗಿ ವರ್ಣಿಸಿದ್ದಾರೆ. ಪವಾಡದ ಮಾತು ಹಾಗಿರಲಿ. ಒಡೆಯನು ಕೇಳಿದ ಕ್ಷಣದಲ್ಲಿ ಭಂಡಾರದ ಬಾಗಿಲನ್ನು ತೆರೆದು ಲೆಕ್ಕವನ್ನು ಒಪ್ಪಿಸಬೇಕೆಂಬ ಧರ್ಮವು ಆ ಕಥೆಯ ತಳಹದಿಯಲ್ಲಿದೆ.

ಇನ್ನು ಕೆಳದಿಯ ಅರಸರ ಕಾಲಕ್ಕೆ ಬರಬೇಕು. ವಿಜಯನಗರದ ಸಾಮಂತರಾಗಿ ಮೊದಲುಗೊಂಡು ಸ್ವತಂತ್ರರಾದ ಈ ವೀರಶೈವ ನಾಯಕರು ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿದರು. ಇವರಲ್ಲಿ ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನ ಹೆಸರು ಕತ್ತಿಯ ಪರಾಕ್ರಮಕ್ಕಿಂತ ಹೆಚ್ಚಾಗಿ ಲೆಕ್ಕದ ಕಡತದಿಂದ ಉಳಿದುಬಂದಿರುವುದು ಒಂದು ವಿಶೇಷ. ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತನ್ನು ಮಲೆನಾಡಿನ ಮುದುಕರು ಮೊನ್ನೆ ಮೊನ್ನೆಯವರೆಗೂ ಆಡುತ್ತಿದ್ದರು. ಇಲ್ಲಿ ಶಿಸ್ತು ಎಂದರೆ ನಡೆನುಡಿಯ ಕಟ್ಟುಪಾಡಲ್ಲ. ಭೂಮಿಗೆ ಕಟ್ಟಿದ ಕಂದಾಯದ ನಿರ್ಣಯ.

ಆ ನಿರ್ಣಯವನ್ನು ಮಾಡಿದ ಬಗೆಯನ್ನು ನಗರ ಸೀಮೆಯ ಹತ್ತೊಂಬತ್ತನೆಯ ಶತಮಾನದ ವರದಿಗಳು ಹೀಗೆ ಹೇಳುತ್ತವೆ. ಅರಸನು ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯಲ್ಲಿ ಒಂದೊಂದು ಗದ್ದೆಯನ್ನು ಆರಿಸಿಕೊಂಡು, ಹನ್ನೆರಡು ವರ್ಷಗಳವರೆಗೆ ಅದನ್ನು ತನ್ನ ಸ್ವಂತ ಖರ್ಚಿನಿಂದಲೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ಸಾಗುವಳಿಗೆ ತಗಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದಕ್ಕೆ ಪೇಟೆಯಲ್ಲಿ ಸಿಕ್ಕಿದ ಬೆಲೆಯೆಷ್ಟು ಎಂಬುದನ್ನು ವರ್ಷವರ್ಷವೂ ಬರೆಯಿಸಿದನು. ಹೀಗೆ ಬಂದ ಬೆಳೆಗೂ ಬೆಲೆಗೂ ಸರಾಸರಿಯನ್ನು ತೆಗೆದು, ಐವತ್ತು ಸೇರಿನ ಖಂಡುಗವನ್ನು ಮಾನವಾಗಿಟ್ಟುಕೊಂಡು, ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಹುಟ್ಟುವಳಿಯ ಮೂರರಲ್ಲಿ ಒಂದು ಪಾಲನ್ನು ಅರಸನ ಭಾಗವೆಂದು ನಿಶ್ಚಯಿಸಿದನು. ಆಳ್ವಿಕೆಯೇ ಹದಿನೈದು ವರ್ಷವಾಗಿರುವಾಗ ಪರೀಕ್ಷೆಗೆ ಹನ್ನೆರಡು ವರ್ಷ ಹಿಡಿಯಿತೆಂಬುದರಲ್ಲಿ ಜನರ ನೆನಪು ಸ್ವಲ್ಪ ಹಿಗ್ಗಿರಬಹುದು. ಪಟ್ಟಕ್ಕೆ ಬರುವ ಮೊದಲೇ ರಾಜ್ಯದ ಕಾರ್ಯಭಾರವು ಅವನ ಕೈಯಲ್ಲಿದ್ದುದರಿಂದ ಆಗಲೇ ಪರೀಕ್ಷೆ ತೊಡಗಿತೆಂದು ಊಹಿಸುವುದಕ್ಕೂ ಅವಕಾಶವುಂಟು. ವರ್ಷಗಳ ಎಣಿಕೆ ಹೇಗೇ ಇರಲಿ, ನಾಡಿನ ಒಡೆಯನಾದವನು ಮೊದಲು ತಾನೇ ಒಕ್ಕಲಾಗಿ ನಿಂತು ಒಕ್ಕಲಿನ ಖರ್ಚನ್ನು ಅರಿತುಕೊಂಡನೆಂಬುದೇ ಈ ವೃತ್ತಾಂತದ ಸಾರ.

ಅಡಕೆಯ ತೋಟಗಳಿಗೆ ಬೇರೆ ಏರ್ಪಾಡು. ಒಂದು ಮರಕ್ಕೂ ಇನ್ನೊಂದು ಮರಕ್ಕೂ ಇರತಕ್ಕ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡು, ಸುಮಾರು ಹದಿನೆಂಟೂವರೆ ಅಡಿಯ ಕೋಲೊಂದನ್ನು ಗೊತ್ತುಮಾಡಿ ತೋಟಗಳನ್ನು ಅಳೆಯಿಸಿದರು. ಆ ಕೋಲಿನ ಉದ್ದಕ್ಕೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲನ್ನೇ ಪ್ರಮಾಣವಾಗಿ ಇಟ್ಟಿದ್ದರು. ಅಳೆಯುವ ಅಧಿಕಾರಿಯ ಕೋಲಿನಲ್ಲಿ ಸಂದೇಹ ಬಂದ ತೋಟಗಾರನು ದೇವರ ಬಾಗಿಲಿಗೆ ಹೋಗಿ ಹೋಲಿಸಿ ನೋಡಬಹುದಾಗಿದ್ದಿತು. ಮರದ ಕೋಲು ಸವೆಯುತ್ತದೆ, ಮುರಿಯುತ್ತದೆ, ಕೆಲವು ವೇಳೆ ಬೇಕೆಂದೇ ಗಿಡ್ಡವಾಗುತ್ತದೆ. ದೇವಾಲಯದ ಕಲ್ಲಿಗೆ ಆ ದೋಷಗಳಿಲ್ಲ. ಪಾರುಪತ್ಯಗಾರನನ್ನು ನಂಬಿಯೂ, ಆ ನಂಬಿಕೆಯನ್ನು ಮಾತ್ರ ನೆಚ್ಚಿ ಕುಳಿತುಕೊಳ್ಳದ ಒಡೆಯನ ಬುದ್ಧಿ ಇಲ್ಲಿ ಕಾಣುತ್ತದೆ.

ಈ ಶಿಸ್ತು ಸುಮಾರು ನಲವತ್ತು ವರ್ಷ ಹೆಚ್ಚುಕಡಿಮೆಯಿಲ್ಲದೆ ನಡೆಯಿತೆಂದು ಹೇಳುತ್ತಾರೆ. ತರುವಾಯದ ಅರಸರ ಕಾಲದಲ್ಲಿ ಮೂಲ ಕಂದಾಯದ ಮೇಲೆ ರೂಪಾಯಿಗೆ ಇಷ್ಟೆಂದು ಪಟ್ಟಿಗಳು ಬಿದ್ದುವು. ಅವುಗಳಲ್ಲಿ ಒಂದು ದಾಸೋಹದ ಹೆಸರಿನದು. ಬಂದವರಿಗೆಲ್ಲ ಅನ್ನವಿಕ್ಕುವ ಧರ್ಮದ ವೆಚ್ಚಕ್ಕಾಗಿ ಅದನ್ನು ಎತ್ತಿದರು. ಮತ್ತೊಂದು ಮರಾಠರಿಗೆ ಕೊಡಬೇಕಾಗಿದ್ದ ಚೌಥಿನದು. ಮೊದಲನೆಯದು ಪುಣ್ಯಕಾರ್ಯ, ಎರಡನೆಯದು ಸಂಕಟಕಾರ್ಯ. ಉಳುವವನ ಕಣದಲ್ಲಿ ಮಾತ್ರ ಎರಡೂ ಒಂದೇ ಕೊಳಗದಿಂದ ಅಳೆದು ಹೋದುವು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ ಮೇಲೆಯೂ ಶಿಸ್ತಿನ ಕಡತವನ್ನೇ ಆಧಾರವಾಗಿಟ್ಟುಕೊಂಡು ಅದರ ಮೇಲೆ ಹೊಸ ಹೊಸ ಹೆಚ್ಚಳಗಳನ್ನು ಕೂಡಿಸುತ್ತ ಹೋದರು. ಶ್ರೀರಂಗಪಟ್ಟಣದ ಪತನಾನಂತರ ೧೮೦೦ ಮತ್ತು ೧೮೦೧ರಲ್ಲಿ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಊರೂರಿನ ತೂಕ ಅಳತೆಗಳನ್ನು ಬಿಡದೆ ಬರೆದುಕೊಂಡಿದ್ದಾನೆ. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವನ್ನು ಓದುವವರಿಗೆ, ಒಂದು ಊರಿನ ಸೇರು ಮುಂದಿನ ಊರಿನ ಸೇರಿಗೆ ಸಮನಲ್ಲವೆಂಬುದು ಪುಟಪುಟಕ್ಕೂ ಎದುರಾಗುತ್ತದೆ.

ಇಲ್ಲಿಂದ ಮುಂದೆ ಬರುವುದು ಮಲೆನಾಡಿನ ಅತ್ಯಂತ ದುಃಖಕರವಾದ ಪಾರುಪತ್ಯದ ಕಥೆ. ೧೭೯೯ರಲ್ಲಿ ಬಾಲಕರಾಗಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯವನ್ನು ದಿವಾನ್ ಪೂರ್ಣಯ್ಯನವರು ೧೮೧೧ರವರೆಗೆ ನಡೆಸಿದರು. ಅನಂತರದ ಎರಡು ದಶಕಗಳಲ್ಲಿ ಕಂದಾಯದ ವಸೂಲಿಗೆ ಶರತ್ತು ಎಂಬ ಪದ್ಧತಿಯು ಬಲವಾಗಿ ಬೇರೂರಿತು. ಅದರ ಸ್ವರೂಪವು ಹೀಗೆ: ತಾಲ್ಲೂಕಿನ ಅಮಲ್ದಾರನು ಈ ವರ್ಷ ಇಷ್ಟು ಹಣವನ್ನು ಎತ್ತಿಕೊಡುತ್ತೇನೆಂದು ಸರ್ಕಾರಕ್ಕೆ ಮುಚ್ಚಳಿಕೆಯನ್ನು ಬರೆದುಕೊಡುವನು. ವಸೂಲಿಯು ಅದಕ್ಕಿಂತ ಕಡಿಮೆಯಾದರೆ ಕೊರತೆಯನ್ನು ಅವನು ತನ್ನ ಕೈಯಿಂದ ತುಂಬತಕ್ಕದ್ದು. ಹೆಚ್ಚಾದರೆ ಹೆಚ್ಚಿನದೂ ಸರ್ಕಾರಕ್ಕೇ ಸೇರತಕ್ಕದ್ದು. ಒಪ್ಪಿಕೊಂಡ ಮೊತ್ತವು ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಮಿಗಿಲಾಗಿರುತ್ತಿದ್ದಿತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆಯನ್ನು ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಬಲಾತ್ಕಾರದಿಂದ ರೈತರಿಗೆ ಮಾರುವುದಿಲ್ಲ ಎಂಬ ಮಾತುಗಳೂ ಆ ಮುಚ್ಚಳಿಕೆಯಲ್ಲಿ ತಪ್ಪದೆ ಇರುತ್ತಿದ್ದುವು. ಅವು ಕಾಗದದ ಮೇಲಣ ಮಾತುಗಳು. ಅವನ್ನು ಮೀರಿದನೆಂದು ರೈತರು ದೂರಿಕೊಂಡರೆ ಕೇಳುವವರಿರಲಿಲ್ಲ. ಮೊತ್ತದಲ್ಲಿ ಕೊರತೆ ಬಿದ್ದರೆ ಕೇಳುವವರು ನೂರು ಮಂದಿ.

ಇದನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ಇಂತಹ ಪಾರುಪತ್ಯಗಾರನು ಸಜ್ಜನನಾಗಿದ್ದರೆ ಎರಡು ವರ್ಷಗಳಲ್ಲಿ ಮನೆಮಾರು ಕಳೆದುಕೊಳ್ಳಬೇಕು. ಇಲ್ಲವೆ ಸಜ್ಜನಿಕೆಯನ್ನು ಬಿಡಬೇಕು. ಮುಂದಿನ ವರ್ಷ ತಾನೇ ಆ ಸ್ಥಾನದಲ್ಲಿರುವೆನೆಂಬ ಭರವಸೆಯೂ ಅವನಿಗಿಲ್ಲ. ಇನ್ನೊಬ್ಬನು ಹೆಚ್ಚು ಮೊತ್ತಕ್ಕೆ ಒಪ್ಪಿಕೊಂಡರೆ ಅಮಲು ಅವನ ಪಾಲು. ಹೀಗಿರುವಾಗ ಕೆರೆಯ ತೂಬನ್ನು ದುರಸ್ತಿ ಮಾಡಿಸುವುದಾಗಲಿ, ಬೆಳೆ ಕೆಟ್ಟ ವರ್ಷ ರೈತನಿಗೆ ಮಾಫಿ ಕೊಡುವುದಾಗಲಿ ಅವನಿಗೆ ನಷ್ಟದ ಕೆಲಸವೇ. ಒಡೆಯರಾದ ಅರಸರಿಗೆ ದುರ್ಬುದ್ಧಿಯಿದ್ದಿತೆಂದು ಯಾರೂ ಹೇಳಲಾರರು; ಅವರ ಔದಾರ್ಯವೂ ವಿದ್ಯಾಪಕ್ಷಪಾತವೂ ಪ್ರಸಿದ್ಧವಾದುವು. ಆದರೆ ಆ ಔದಾರ್ಯಕ್ಕೆ ಬೇಕಾದ ಹಣವು ಯಾವ ದಾರಿಯಿಂದ ಬರುತ್ತದೆಂಬುದನ್ನು ವಿಚಾರಿಸುವ ಅಭ್ಯಾಸವು ಅರಮನೆಯಲ್ಲಿ ತಪ್ಪಿಹೋಗಿದ್ದಿತು.

೧೮೩೦ರಲ್ಲಿ ನಗರ ಫೌಜುದಾರಿಯ ರೈತರು ಕೂಟಗಳನ್ನು ಕಟ್ಟಿದರು. ಗ್ರಾಮದಿಂದ ಗ್ರಾಮಕ್ಕೆ ಓಲೆಗಳು ಹೋದುವು. ಕಂದಾಯವನ್ನು ಕೊಡಕೂಡದೆಂದು ನಿರ್ಧಾರವಾಯಿತು. ಕೆಳದಿಯ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನು ಈ ಕೂಟಗಳ ಮುಂದಾಳಾಗಿ ನಿಂತನು. ಕೊನೆಯ ನಾಯಕನ ಗುರುಗಳಾಗಿದ್ದ ಜಂಗಮರೊಬ್ಬರಿಂದ ಅರಸರ ಮೊಹರುಗಳು ಅವನ ಕೈಸೇರಿದ್ದುವೆಂದು ಪ್ರತೀತಿ. ಅವನ ವಂಶದ ಮಾತು ನಿಜವೋ ಸುಳ್ಳೋ, ಶಿಸ್ತಿನ ಕಾಲವನ್ನು ನೆನೆಯುತ್ತಿದ್ದ ರೈತರಿಗೆ ಕೆಳದಿಯ ಹೆಸರೊಂದೇ ಸಾಕಾಯಿತು. ಲೆಕ್ಕವು ಹೊರಬೀಳುವುದೆಂದು ಹೆದರಿದ ಕೆಲವು ಅಧಿಕಾರಿಗಳೇ ಒಳಗೊಳಗೆ ದಂಗೆಗೆ ಗಾಳಿಹಾಕಿದರೆಂಬ ಅಭಿಪ್ರಾಯವೂ ಉಂಟು. ದಂಡು ಬಂದಿತು, ಗುಂಡು ಹಾರಿತು, ಹಲವರನ್ನು ಗಲ್ಲಿಗೇರಿಸಿದರು. ೧೮೩೧ರ ಜೂನ್ ತಿಂಗಳಿನಲ್ಲಿ ಇಂಗ್ಲಿಷರ ಸೈನ್ಯವು ನಗರವನ್ನು ಹಿಡಿಯಿತು. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯದ ಆಡಳಿತವನ್ನೇ ಮಹಾರಾಜರಿಂದ ತೆಗೆದುಕೊಂಡನು. ಐವತ್ತು ವರ್ಷಗಳವರೆಗೆ, ಎಂದರೆ ೧೮೮೧ರವರೆಗೆ, ಮೈಸೂರು ಕಮಿಷನರುಗಳ ಕೈಯಲ್ಲಿದ್ದಿತು. ಪಾರುಪತ್ಯವನ್ನು ಸರಿಯಾಗಿ ನೋಡಿಕೊಳ್ಳದುದಕ್ಕಾಗಿ ಒಡೆತನವನ್ನೇ ಕಳೆದುಕೊಂಡ ದೃಷ್ಟಾಂತ ಇದಕ್ಕಿಂತ ದೊಡ್ಡದು ಕರ್ಣಾಟಕದಲ್ಲಿ ಮತ್ತೊಂದಿಲ್ಲ.

ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯು ೧೮೩೩ರಲ್ಲಿ ವರದಿಯನ್ನು ಒಪ್ಪಿಸಿತು. ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಶರತ್ತನ್ನು ಮುಂದುವರಿಸಲಿಲ್ಲ. ಬಿಡಿಬಿಡಿಯಾಗಿ ಎತ್ತುತ್ತಿದ್ದ ೭೬೯ ಸಣ್ಣ ತೆರಿಗೆಗಳನ್ನು ಅವನ ಕಾಲದಲ್ಲಿ ತೆಗೆದುಹಾಕಲಾಯಿತು. ಬೆಳೆಯನ್ನು ಕಟಾವಿಗೆ ಮುಂಚೆಯೇ ಸಾಹುಕಾರನಿಗೆ ಒತ್ತೆಯಿಡುವ ಕಷ್ಟವು ತಪ್ಪಲೆಂದು ಕಂದಾಯವನ್ನು ಐದು ಕಂತುಗಳಲ್ಲಿ ಕೊಡುವ ಅವಕಾಶವನ್ನೂ ಮಾಡಿದರು. ೭೬೯ ಬಾಬುಗಳ ಹೆಸರನ್ನು ನೆನಪಿನಲ್ಲಿಟ್ಟುಕೊಂಡಿದ್ದ ಶಾನುಭೋಗನ ಬುದ್ಧಿಗೆ ಬೆರಗಾಗಬೇಕೋ, ಅವುಗಳನ್ನು ತೆತ್ತ ರೈತನ ತಾಳ್ಮೆಗೆ ಬೆರಗಾಗಬೇಕೋ ತಿಳಿಯದು.

ಸರ್ಕಾರಕ್ಕೂ ರೈತನಿಗೂ ನಡುವಣ ಪಾರುಪತ್ಯವು ಹೀಗೆ ಒಂದು ಹದಕ್ಕೆ ಬಂದಿತು. ೧೮೬೩ರಲ್ಲಿ ಭೂಮಾಪನದ ಇಲಾಖೆಯು ಹುಟ್ಟಿ ಹೊಲಹೊಲಕ್ಕೂ ಸರ್ವೆ ನಂಬರು ಬಿದ್ದಿತು. ಇನಾಂ ಕಮಿಷನ್ನಿನ ವಿಚಾರಣೆಯ ಕಾಲದಲ್ಲಿ ಮಠಮಾನ್ಯಗಳು ತಮ್ಮ ತಾಮ್ರಶಾಸನಗಳನ್ನೂ ಸನ್ನದುಗಳನ್ನೂ ಹೊರತೆಗೆದು ತೋರಿಸಬೇಕಾಯಿತು. ಅಂತಹ ಸಮಯಗಳಲ್ಲಿಯೇ ಮಠದ ಪಾರುಪತ್ಯಗಾರನ ಬೆಲೆ ತಿಳಿಯುತ್ತಿದ್ದುದು. ಪೆಟ್ಟಿಗೆಯಲ್ಲಿ ಓಲೆಗಳನ್ನು ಹುಳು ತಿನ್ನದಂತೆ ಕಾಪಾಡಿದವನ ಮಠಕ್ಕೆ ಭೂಮಿ ಉಳಿಯಿತು; ಇಲ್ಲದವನದು ಹೋಯಿತು.

ಆದರೆ ಭೂಮಿಯ ಒಡೆಯನಿಗೂ ಅವನ ಒಕ್ಕಲಿಗೂ ನಡುವಣ ಸಂಬಂಧವು ಸರ್ವೆ ಇಲಾಖೆಯ ಕಣ್ಣಿಗೆ ಬೀಳಲಿಲ್ಲ. ಸರ್ಕಾರಕ್ಕೆ ಬೇಕಾದುದು ಕಂದಾಯ ಕಟ್ಟುವವನ ಹೆಸರು. ಅವನು ತಾನೇ ಉಳುತ್ತಾನೆಯೋ ಗೇಣಿಗೆ ಕೊಟ್ಟಿದ್ದಾನೆಯೋ ಎಂಬುದು ಅದಕ್ಕೆ ಮುಖ್ಯವಲ್ಲ. ಮಲೆನಾಡಿನಲ್ಲಿ ಗೇಣಿಗೆ ನಾನಾ ರೂಪಗಳಿದ್ದುವು. ಮೂಲಗೇಣಿಯವನು ತಲೆತಲಾಂತರವಾಗಿ ಉಳುವವನು, ಅವನನ್ನು ಬಿಡಿಸುವುದು ಸುಲಭವಲ್ಲ. ಚಾಲಗೇಣಿಯವನು ಒಡೆಯನ ಮನಸ್ಸು ಬಂದಷ್ಟು ಕಾಲ ಉಳುವವನು. ಬೆಳೆಯನ್ನು ಸಮಪಾಲು ಮಾಡಿಕೊಳ್ಳುವುದಾದರೆ ಅದು ವಾರ. ‘ಒಕ್ಕಲೆಬ್ಬಿಸುವುದು’ ಎಂಬ ಒಂದು ಶಬ್ದದಲ್ಲಿ ಚಾಲಗೇಣಿಯವನ ಬಾಳೆಲ್ಲ ಅಡಗಿದ್ದಿತು.

ಮಠದ ಭೂಮಿಗಳಲ್ಲಿಯೂ ಇವೇ ಕ್ರಮಗಳು. ಸ್ವಾಮಿಗಳು ಪೂಜಾನಿಷ್ಠರು, ಸಂಚಾರದಲ್ಲಿರುವವರು. ಅವರು ಕಣದಲ್ಲಿ ಕುಳಿತು ಭತ್ತವನ್ನು ಅಳೆಯಿಸಿಕೊಳ್ಳುವುದು ಸಾಧ್ಯವಲ್ಲ, ಶೋಭಿಸುವುದೂ ಅಲ್ಲ. ಆ ಕೆಲಸವೆಲ್ಲ ಪಾರುಪತ್ಯಗಾರನದು. ಮಳೆಗಾಲಕ್ಕೆ ಮೊದಲು ಯಾರಿಗೆ ಯಾವ ಗದ್ದೆಯೆಂದು ನಿಶ್ಚಯಿಸುವವನು ಅವನು. ಬೀಜದ ಭತ್ತವನ್ನು ಸಾಲವಾಗಿ ಕೊಡುವವನು ಅವನು. ಸುಗ್ಗಿಯಲ್ಲಿ ಕಣಕ್ಕೆ ಬಂದು ಕೊಟ್ಟ ಬೀಜವನ್ನೂ ಅದರ ಲಾಭವನ್ನೂ ಗೇಣಿಯನ್ನೂ ಅಳೆದುಕೊಳ್ಳುವವನು ಅವನು. ಕಳೆದ ವರ್ಷದ ಬಾಕಿ ಎಷ್ಟೆಂಬುದು ಅವನ ಕಡತದಲ್ಲಿ ಇದ್ದುದರ ಹೊರತು ಬೇರೆಲ್ಲಿಯೂ ಇರುತ್ತಿರಲಿಲ್ಲ. ಅಂತಹವನು ಧರ್ಮಭೀರುವಾಗಿದ್ದರೆ ಒಕ್ಕಲು ಮಠಕ್ಕೆ ಭಕ್ತನಾಗಿಯೇ ಉಳಿದನು; ಬರಗಾಲದಲ್ಲಿ ಮಠದ ಕಣಜವೇ ಅವನ ಕಣಜವಾಯಿತು. ಹಾಗಲ್ಲದಿದ್ದರೆ, ಜಾತ್ರೆಯಲ್ಲಿ ತೇರನ್ನೆಳೆದು ಸ್ವಾಮಿಗಳ ಪಾದಕ್ಕೆ ಎರಗಿದವನೇ ಮಾರನೆಯ ದಿನ ಪಾರುಪತ್ಯಗಾರನ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲಬೇಕಾಗುತ್ತಿದ್ದಿತು. ಆ ಎರಡು ದಿನಗಳ ನಡುವಣ ಅಂತರವು ಸ್ವಾಮಿಗಳ ಕಿವಿಗೆ ಬೀಳುವ ದಾರಿಯೂ ಆ ಜಗಲಿಯ ಮೇಲಿನಿಂದಲೇ ಹಾದುಹೋಗುತ್ತಿದ್ದಿತೆಂಬುದನ್ನು ಮರೆಯಲಾಗದು. ಮೈಸೂರು ಸರ್ಕಾರವು ೧೯೨೭ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾನೂನನ್ನು ಮಾಡಿತು. ಧರ್ಮಸಂಸ್ಥೆಯ ಆಸ್ತಿಯೆಂಬುದು ನೋಡಿಕೊಳ್ಳುವವನ ಸ್ವಂತದ್ದಲ್ಲವೆಂಬ ಭಾವನೆಯು ಇದರಿಂದ ಕಾನೂನಿನ ಬಲವನ್ನೂ ಪಡೆಯಿತು.

ಇಕ್ಕೇರಿಯೂ ಕೆಳದಿಯೂ ಇರುವ ಸಾಗರ ತಾಲ್ಲೂಕಿನಲ್ಲಿಯೇ ಕಾಗೋಡು ಎಂಬ ಗ್ರಾಮವುಂಟು. ೧೯೫೧ರವರೆಗೆ ಆ ಹೆಸರನ್ನು ಹೊರಗಿನವರು ಕೇಳಿದವರಲ್ಲ. ಅಲ್ಲಿಯ ಗದ್ದೆಗಳನ್ನು ಉಳುತ್ತಿದ್ದವರು ಹೆಚ್ಚಾಗಿ ದೀವರ ಜನಾಂಗದ ಗೇಣಿದಾರರು. ಅವರ ಮುಖ್ಯ ದೂರು ಕೊಳಗದ ವಿಷಯವಾಗಿದ್ದಿತು. ಗೇಣಿಯು ಇಷ್ಟು ಖಂಡುಗವೆಂದು ಗೊತ್ತಾಗಿದ್ದರೂ, ಮೂರು ಸೇರಿನ ಕೊಳಗದಿಂದ ಅಳೆಯಬೇಕಾದಲ್ಲಿ ಅದಕ್ಕಿಂತ ದೊಡ್ಡ ಕೊಳಗದಿಂದ ಅಳೆದುಕೊಳ್ಳುತ್ತಿದ್ದಾರೆಂಬುದು ಅವರ ವಾದ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವಾದುದರಿಂದ, ಕೊಳಗಕ್ಕೆ ಅರ್ಧ ಸೇರು ಹೆಚ್ಚಿದರೆ ಖಂಡುಗಕ್ಕೆ ಹತ್ತು ಸೇರು ಹೋಯಿತು. ಹತ್ತು ಖಂಡುಗದ ಗೇಣಿಗೆ ನೂರು ಸೇರು. ಬಡ ಸಂಸಾರವೊಂದರ ಎಷ್ಟು ದಿನಗಳ ಗಂಜಿ ಅದೆಂಬುದನ್ನು ಎಣಿಸಿಕೊಳ್ಳಬಹುದು. ಕೊಟ್ಟ ಗೇಣಿಗೆ ರಸೀದಿಯನ್ನು ಕೊಡಬೇಕು, ಬಿಟ್ಟಿ ಕೆಲಸವು ನಿಲ್ಲಬೇಕು ಎಂಬುವೂ ಅವರ ಬೇಡಿಕೆಗಳಲ್ಲಿದ್ದುವು. ಕೊಳಗ, ರಸೀದಿ, ಬಿಟ್ಟಿ ಈ ಮೂರೂ ಪಾರುಪತ್ಯದ ವಿಷಯಗಳೇ. ಒಡೆತನವನ್ನು ಬಿಟ್ಟುಕೊಡಿರೆಂದು ಆ ಜನರು ಮೊದಲಿಗೆ ಕೇಳಲೇ ಇಲ್ಲ.

ಎಚ್. ಗಣಪತಿಯಪ್ಪನವರು ತಾಲ್ಲೂಕಿನ ರೈತರನ್ನು ಸಂಘವಾಗಿ ಕಟ್ಟಿದ್ದರು. ಮಾತುಕತೆಯು ಮುರಿದುಬಿದ್ದು, ಗೇಣಿದಾರರನ್ನು ಒಕ್ಕಲೆಬ್ಬಿಸಿದುದರಿಂದ, ೧೯೫೧ರ ಏಪ್ರಿಲ್ ತಿಂಗಳಿನಲ್ಲಿ ಅವರು ನೇಗಿಲನ್ನು ಹೊತ್ತು ಗದ್ದೆಗಿಳಿದು ಸತ್ಯಾಗ್ರಹವನ್ನಾರಂಭಿಸಿದರು. ತಂಡತಂಡವಾಗಿ ಜನರು ಸೆರೆಗೆ ಹೋದರು. ಸಮಾಜವಾದಿ ಪಕ್ಷವು ಬೆಂಬಲಕ್ಕೆ ಬಂದಿತು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು. ಆ ವರ್ಷದ ಮಟ್ಟಿಗೆ ಗೇಣಿದಾರರು ಗೆದ್ದರೆಂದು ಹೇಳುವಂತಿಲ್ಲ. ಅನೇಕ ಸಂಸಾರಗಳು ಉಳುತ್ತಿದ್ದ ಗದ್ದೆಯನ್ನು ಕಳೆದುಕೊಂಡು ಕೂಲಿಗೆ ಹೋಗಬೇಕಾಯಿತು. ಇಕ್ಕೇರಿಯ ದೇವಾಲಯದ ಕಲ್ಲಿನಲ್ಲಿ ತೋಟದ ಕೋಲಿಗೆ ಪ್ರಮಾಣವಿಟ್ಟಿದ್ದ ನಾಡಿನಲ್ಲಿಯೇ, ಸುಮಾರು ಮುನ್ನೂರು ವರ್ಷಗಳ ಮೇಲೆ, ಕೊಳಗಕ್ಕೆ ಪ್ರಮಾಣವನ್ನು ಕೇಳಿದವರು ಸೆರೆಮನೆಗೆ ಹೋದರು.

ಅನಂತರದ ಕಾಯಿದೆಗಳು ಒಂದರ ಹಿಂದೊಂದಾಗಿ ಬಂದುವು. ೧೯೫೨ರಲ್ಲಿ ಮೈಸೂರು ಗೇಣಿ ಕಾನೂನು. ೧೯೫೫ರಲ್ಲಿ ಧಾರ್ಮಿಕ ಇನಾಮುಗಳ ರದ್ದಿಯಾತಿಯ ಕಾನೂನು, ಇದರಿಂದ ಮಠಗಳ ಇನಾಂ ಗ್ರಾಮಗಳು ಸರ್ಕಾರಕ್ಕೆ ಸೇರಿ ಖದೀಂ ಒಕ್ಕಲುಗಳಿಗೂ ಖಾಯಂ ಒಕ್ಕಲುಗಳಿಗೂ ಹಕ್ಕು ದೊರೆಯುವ ದಾರಿ ತೆರೆಯಿತು. ೧೯೬೧ರ ಭೂಸುಧಾರಣೆಯ ಶಾಸನವು ೧೯೬೫ರ ಅಕ್ಟೋಬರ್ ೨ರಂದು ಜಾರಿಗ ಬಂದಿತು. ದೇವರಾಜ ಅರಸು ಅವರ ಮುಖ್ಯಮಂತ್ರಿತ್ವದಲ್ಲಿ ಅದಕ್ಕೆ ಆದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದ ನಡೆಗೆ ಬಂದು, ಗೇಣಿಯ ಭೂಮಿಗಳೆಲ್ಲವೂ ಸರ್ಕಾರದಲ್ಲಿ ವಿಲೀನವಾದುವು. ಅವುಗಳನ್ನು ಉಳುತ್ತಿದ್ದವರು ತಾಲ್ಲೂಕಿಗೊಂದರಂತೆ ಏರ್ಪಟ್ಟ ಭೂನ್ಯಾಯ ಮಂಡಲಿಗಳ ಮುಂದೆ ಅರ್ಜಿಯನ್ನು ಹಾಕಿಕೊಂಡು ಅಧಿಭೋಗದ ಹಕ್ಕನ್ನು ಪಡೆಯತಕ್ಕದ್ದೆಂದಾಯಿತು. ಇದಕ್ಕೆ ಮಠ ದೇವಾಲಯಗಳೂ ಹೊರತಾಗಿರಲಿಲ್ಲ. ಕೈಬಿಟ್ಟ ಭೂಮಿಗೆ ಪ್ರತಿಯಾಗಿ ಧರ್ಮಸಂಸ್ಥೆಗಳಿಗೆ ವರ್ಷವರ್ಷವೂ ಒಂದು ಮೊತ್ತವನ್ನು ಕೊಡುವಂತೆ ಏರ್ಪಾಡಾಯಿತು.

ಮಠಗಳಲ್ಲಿ ಇದರಿಂದ ಉಂಟಾದ ಕಳವಳವು ಸಹಜವೇ. ಕಣಜಕ್ಕೆ ಭತ್ತ ಬರುವುದು ನಿಂತರೆ ದಾಸೋಹವು ನಡೆಯುವುದು ಹೇಗೆ ಎಂದು ಹಿರಿಯರು ಚಿಂತಿಸಿದರು. ಆದರೂ ನಾಡಿನ ದೊಡ್ಡ ದಾಸೋಹಗಳು ಆರಿಹೋಗಲಿಲ್ಲ; ಗೇಣಿಯಾಗಿ ಬರುತ್ತಿದ್ದ ಕಾಳು ಕಾಣಿಕೆಯಾಗಿ ಬರತೊಡಗಿತು. ಗಾಡಿಯಲ್ಲಿ ದವಸವನ್ನು ಹೇರಿಕೊಂಡು ಬಂದವರಲ್ಲಿ ಹಿಂದಿನ ಒಕ್ಕಲುಗಳೂ ಇದ್ದರು. ಕೊಡುವವನೇ ತನ್ನ ಮನೆಯಲ್ಲಿ ಅಳೆದು ತಂದ ಆ ಕಾಳನ್ನು ಮತ್ತೆ ಅಳೆಯುವ ಪ್ರಮೇಯವು ಮಠದವರಿಗೆ ಇರಲಿಲ್ಲ.

ಭೂನ್ಯಾಯ ಮಂಡಲಿಗಳ ಮುಂದೆ ನಡೆದ ವಿಚಾರಣೆಗಳಲ್ಲಿ ಒಕ್ಕಲಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ಗೇಣಿಯನ್ನು ಕೊಟ್ಟುದಕ್ಕೆ ರಸೀದಿಯುಂಟೋ? ಕಾಗೋಡಿನವರು ೧೯೫೧ರಲ್ಲಿ ಕೇಳಿದುದು ಅದನ್ನೇ. ರಸೀದಿಯಿದ್ದವನು ತೋರಿಸಿದನು, ಇಲ್ಲದವನು ಪಹಣಿಯಲ್ಲಿ ತನ್ನ ಹೆಸರನ್ನು ಹುಡುಕಿದನು, ಅಕ್ಕಪಕ್ಕದ ಗದ್ದೆಯವರನ್ನು ಸಾಕ್ಷಿಗೆ ಕರೆತಂದನು. ಒಡೆಯನ ಕಡತದಲ್ಲಿ ಹೆಸರೂ ಖಂಡುಗವೂ ಬಾಕಿಯೂ ನೆಟ್ಟಗೆ ಬರೆದಿದ್ದ ಕಡೆ ಆ ಬರವಣಿಗೆಯೇ ಒಕ್ಕಲಿನ ಪರವಾದ ಸಾಕ್ಷ್ಯವಾಗಬಹುದಾಗಿದ್ದಿತು. ತನ್ನ ಒಡೆಯನ ಹಿತಕ್ಕೆಂದು ಬರೆದಿಟ್ಟ ಲೆಕ್ಕವು ಎದುರಾಳಿಗೆ ಗದ್ದೆಯನ್ನು ದೊರಕಿಸಿಕೊಟ್ಟೀತೆಂದು ಯಾವ ಪಾರುಪತ್ಯಗಾರನೂ ಕನಸಿನಲ್ಲಿಯೂ ಎಣಿಸಿರಲಾರನು. ಆಮೇಲೆ ಭೂಮಿಯ ಬದಲಿನ ಹಣಕ್ಕಾಗಿ ಮಠದ ಪರವಾಗಿ ತಾಲ್ಲೂಕು ಕಚೇರಿಗೆ ಹೋಗಿ, ಗುಮಾಸ್ತರ ಮೇಜಿನ ಮುಂದೆ ಸರದಿಗಾಗಿ ಕಾದು ನಿಂತು, ಮೊತ್ತವು ಮುಟ್ಟಿತೆಂದು ರಸೀದಿಗೆ ಸಹಿ ಹಾಕುವ ಕೆಲಸವೂ ಪಾರುಪತ್ಯಗಾರನ ಪಾಲಿಗೇ ಬಂದಿತು.